ದಾರಿಯಲ್ಲಿ ಸಿಕ್ಕ ಉಪಕಾರ ದಾರಿಗೇ ವಾಪಸ್: ಅಪರಿಚಿತರಿಗೆ ನೆರವಾದರೆ ಕೇಸು, ಸ್ಟೇಷನ್ ಅಲೆದಾಟ ನಿಜವಾಗಿಯೂ ಇದೆಯಾ?

ಹಾನುಬಾಳು: ಹೊತ್ತು ಮುಳುಗಿದ ಮೇಲೆ ಸಕಲೇಶಪುರದಿಂದ ಹಾನುಬಾಳು ಕಡೆಗೆ ಬರುವ ಬೈಕಿನವರಿಗೆ ಒಂದು ಸನ್ನೆ ಚೆನ್ನಾಗಿ ಗೊತ್ತು. ಎದುರಿನ ವಾಹನ ಎರಡು ಮೂರು ಸಲ ಡಿಮ್ ಡಿಪ್ ಮಾಡುತ್ತೆ. ಹತ್ತಿರ ಬಂದಾಗ ಒಂದು ಕ್ಷಣ ನಿಧಾನವಾಗಿ, "ಮುಂದೆ ತಿರುವಲ್ಲಿ ಆನೆ ಅವೆ, ಸ್ವಲ್ಪ ನಿಂತ್ಕೊಂಡು ಹೋಗಿ" ಅಂದು ಹೊರಟೇ ಹೋಗುತ್ತೆ. ಹೇಳಿದವರು ಯಾರು, ಯಾವ ಊರಿನವರು ಅಂತ ಗೊತ್ತಾಗೋದಿಲ್ಲ. ಹೆಲ್ಮೆಟ್ ಒಳಗಿನ ಮುಖ ಕಾಣಿಸಿರೋದಿಲ್ಲ. ಥ್ಯಾಂಕ್ಸ್ ಅನ್ನೋಕೂ ಪುರುಸೊತ್ತು ಇರೋದಿಲ್ಲ.

ಆದರೆ ಹಾಗೆ ಎಚ್ಚರಿಕೆ ಕೇಳಿಸಿಕೊಂಡವರು ಇನ್ನೊಂದು ದಿನ ಆನೆ ಕಂಡು ವಾಪಸ್ ತಿರುಗಿದಾಗ ಎದುರಿಗೆ ಬರುವವರಿಗೆ ಲೈಟು ಹಾಕಿಯೇ ಹಾಕುತ್ತಾರೆ. ಹೇಳಿದವರಿಗೆ ಋಣ ತೀರಿಸೋಕೆ ಆಗಲ್ಲ, ಯಾಕೆಂದರೆ ಅವರು ಮತ್ತೆ ಸಿಗೋದಿಲ್ಲ. ಹಾಗಾಗಿ ಋಣ ಮುಂದಿನವರಿಗೆ ಹೋಗುತ್ತೆ. ಸಕಲೇಶಪುರ, ಆಲೂರು ಭಾಗದಲ್ಲಿ ಕಾಡಾನೆಗೆ ಸಿಕ್ಕಿ ಜೀವ ಕಳೆದುಕೊಂಡವರು ಇದ್ದಾರೆ. ಇಂಥ ಕಡೆ ಎರಡು ಸಲ ಲೈಟ್ ಮಿಟುಕಿಸೋದು ಸಣ್ಣ ಕೆಲಸ ಅಲ್ಲ. ಅರಣ್ಯ ಇಲಾಖೆಯ ಸಂದೇಶ, ವಾಟ್ಸಾಪ್ ಗ್ರೂಪು ಎಲ್ಲ ಇವೆ, ನಿಜ. ಆದರೆ ಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಕೆಲಸಕ್ಕೆ ಬರೋದು ಎದುರಿನ ಅಪರಿಚಿತನ ಲೈಟೇ.

ಇದೇ ರಸ್ತೆಯಲ್ಲಿ ಇದೇ ಜನ ಒಂದು ಕಡೆ ಮಾತ್ರ ಹಿಂದೆ ಸರಿಯುತ್ತಾರೆ. ಆಕ್ಸಿಡೆಂಟ್ ಆಗಿ ಯಾರಾದರೂ ಬಿದ್ದಿದ್ದರೆ "ನಮಗ್ಯಾಕೆ ಕಣ್ರೀ, ಆಮೇಲೆ ಸ್ಟೇಷನ್ನು, ಕೋರ್ಟು" ಅನ್ನೋ ಮಾತು ಬರುತ್ತೆ. ಕೆಟ್ಟವರು ಆಡೋ ಮಾತಲ್ಲ ಇದು, ಹೆದರಿದವರು ಆಡೋ ಮಾತು. ಆ ಹೆದರಿಕೆಗೆ ಒಂದು ಕಾಲದಲ್ಲಿ ಕಾರಣವೂ ಇತ್ತು. ಈಗ ಕಾನೂನು ಬೇರೆ ಆಗಿದೆ, ಅದು ಬಹಳ ಜನಕ್ಕೆ ಗೊತ್ತಾಗಿಲ್ಲ ಅಷ್ಟೆ.

ಅರವಟ್ಟಿಗೆಯಿಂದ ಹೆದ್ದಾರಿವರೆಗೆ

ದಾರಿಹೋಕರಿಗೆ ಮಾಡುವ ಉಪಕಾರ ಕನ್ನಡ ನಾಡಿಗೆ ಹೊಸದಲ್ಲ. ಬೇಸಿಗೆಯಲ್ಲಿ ನೀರು, ಮಜ್ಜಿಗೆ ಇಡುವ ಅರವಟ್ಟಿಗೆಗೆ ಭೂಮಿ, ಹಣ ದಾನ ಬಿಟ್ಟ ಸಂಗತಿ ಹಳೆಯ ಶಾಸನಗಳಲ್ಲೇ ಬರುತ್ತೆ. ಅಶೋಕನ ಶಾಸನಗಳಲ್ಲೂ ರಸ್ತೆ ಬದಿ ಬಾವಿ ತೋಡಿಸಿದ್ದು, ನೆರಳಿಗೆ ಮರ ನೆಡಿಸಿದ್ದು ಇದೆ. ಹಳೆಯ ದಾರಿಗಳಲ್ಲಿ ತಲೆ ಹೊರೆ ಇಳಿಸಿ ಉಸಿರು ಬಿಡೋಕೆ ಅಂತ ಎದೆ ಮಟ್ಟದ ಕಲ್ಲು ನಿಲ್ಲಿಸುತ್ತಿದ್ದರು. ಎದೆ ಮಟ್ಟ ಯಾಕೆ ಅಂದರೆ, ಹೊರೆ ಹೊತ್ತವರು ಇನ್ನೊಬ್ಬರ ಸಹಾಯ ಇಲ್ಲದೆ ತಾವೇ ಇಳಿಸಿ ತಾವೇ ಎತ್ತಿಕೊಳ್ಳಬೇಕಲ್ಲ. ಕಲ್ಲು ನಿಲ್ಲಿಸಿದವರು ಎಷ್ಟು ಯೋಚನೆ ಮಾಡಿದ್ದರು ನೋಡಿ.

ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ನೆಟ್ಟು ಬೆಳೆಸಿದ ಆಲದ ಮರಗಳು 385. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ಬೆಳೆಸಿದ್ದು. ಆ ನೆರಳಲ್ಲಿ ನಿಂತವರಲ್ಲಿ ಅವರಿಗೆ ಪರಿಚಯ ಇದ್ದವರು ಎಷ್ಟು ಜನ ಇದ್ದಾರು?

ಶಿವರಾತ್ರಿ ಹತ್ತಿರ ಬಂದರೆ ಶಿರಾಡಿ, ಚಾರ್ಮಾಡಿ ಎರಡೂ ಕಡೆ ಧರ್ಮಸ್ಥಳ ಪಾದಯಾತ್ರಿಗಳು ಸಾಲುಗಟ್ಟುತ್ತಾರೆ. ಆಗ ರಸ್ತೆ ಬದಿಯಲ್ಲಿ ಪೆಂಡಾಲ್ ಹಾಕಿ ಮಜ್ಜಿಗೆ, ಕಲ್ಲಂಗಡಿ, ಉಪ್ಪಿಟ್ಟು ಹಂಚುವವರು, ಬೊಬ್ಬೆ ಎದ್ದ ಕಾಲಿಗೆ ಮುಲಾಮು ಹಚ್ಚಿ ಕೊಡುವವರು ಇದ್ದೇ ಇರುತ್ತಾರೆ. ಹಿಂದೊಮ್ಮೆ ತಾವೇ ನಡೆದು, ಯಾರದೋ ಮಜ್ಜಿಗೆ ಕುಡಿದವರು ಆಮೇಲೆ ಹಂಚೋ ಕಡೆ ನಿಲ್ಲೋದು ಹೊಸ ಮಾತೇನಲ್ಲ. ಕೊಟ್ಟವರಿಗೆ ವಾಪಸ್ ಕೊಡೋದಕ್ಕಿಂತ ಮುಂದೆ ಬರುವವರಿಗೆ ಕೊಡೋದು ಇಲ್ಲಿ ಸಹಜವಾಗಿಯೇ ನಡೆದುಕೊಂಡು ಬಂದಿದೆ.

ಅಂಗಡಿಯವರ ಪಾತ್ರ ಎಲ್ಲಿದೆ

ಕಾಫಿ ಬೆಳೆಯೋ ಊರಿನವರಿಗೆ ಇಟಲಿಯ ನೇಪಲ್ಸ್ ನಗರದ ಒಂದು ಪದ್ಧತಿ ಇಷ್ಟವಾಗಬಹುದು. ಅಲ್ಲಿ ಒಬ್ಬರು ಕಾಫಿ ಅಂಗಡಿಗೆ ಬಂದು ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟು ಹೋಗುತ್ತಾರೆ. ಉಳಿದ ಆ ಒಂದಕ್ಕೆ 'ಕಫೆ ಸೊಸ್ಪೇಸೊ' ಅಂತಾರೆ, ಅಂದರೆ ತೂಗುಹಾಕಿ ಇಟ್ಟ ಕಾಫಿ. ಆಮೇಲೆ ಕೈಯಲ್ಲಿ ಕಾಸಿಲ್ಲದವರು ಯಾರಾದರೂ ಬಂದು "ಸೊಸ್ಪೇಸೊ ಇದೆಯಾ?" ಅಂತ ಕೇಳಿದರೆ ಅಂಗಡಿಯವರು ಆ ಕಾಫಿ ಕೊಡುತ್ತಾರೆ. ಲೇಖಕ ಲುಚಾನೊ ದೆ ಕ್ರೆಶೆಂಜೊ 2008ರಲ್ಲಿ ಇದೇ ಹೆಸರಿನ ಪುಸ್ತಕ ತಂದ ಮೇಲೆ ಈ ಮಾತು ಬೇರೆ ದೇಶಗಳಿಗೂ ಹರಡಿತು.

ಇದರಲ್ಲಿ ಗಮನಿಸಬೇಕಾದ್ದು ಕಾಫಿ ಅಲ್ಲ, ಮಧ್ಯೆ ನಿಂತ ಅಂಗಡಿಯವರು. ಕೊಟ್ಟವರು ಯಾರು ಅಂತ ಕುಡಿದವರಿಗೆ ಗೊತ್ತಿಲ್ಲ. ಕುಡಿದವರು ಯಾರು ಅಂತ ಕೊಟ್ಟವರಿಗೆ ಗೊತ್ತಿಲ್ಲ. ಕೊಟ್ಟವರಿಗೆ ಜಂಬ ಬರಲ್ಲ, ತಗೊಂಡವರಿಗೆ ನಾಚಿಕೆ ಆಗಲ್ಲ. ಇಬ್ಬರ ನಂಬಿಕೆಯೂ ಗಲ್ಲಾದವರ ಕೈಯಲ್ಲಿ. ನಮ್ಮಲ್ಲಿ ದಾನ ಮಾಡಿದ ಮರುಕ್ಷಣ ಫೋಟೊ ತೆಗೆದು ಸ್ಟೇಟಸ್ ಹಾಕೋ ಚಾಳಿ ಬೆಳೆದಿರೋ ಈ ಹೊತ್ತಲ್ಲಿ ಇದು ಸ್ವಲ್ಪ ಯೋಚನೆ ಮಾಡಬೇಕಾದ ವಿಷಯ. ಬಾಳೆಹಣ್ಣು ತಗೊಳ್ಳೋ ಅಜ್ಜಿಯ ಮುಖ ನೂರು ಮೊಬೈಲಿಗೆ ಹೋಗಬೇಕಾ?

ಮಲೆನಾಡಿನ ಪೇಟೆಗಳಲ್ಲಿ ಇದಕ್ಕೆ ಹತ್ತಿರದ್ದು ಹೆಸರಿಲ್ಲದೆ ನಡೆಯುತ್ತಲೇ ಇದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಬಂದ್ ಆದರೆ ಫೋನ್‌ಪೇ, ಗೂಗಲ್‌ಪೇ ಯಾವುದೂ ನಡೆಯಲ್ಲ. ಬೆಟ್ಟದ ಭೈರವೇಶ್ವರ, ಪಾಂಡವರ ಗುಡ್ಡ ನೋಡೋಕೆ ಬಂದ ಬೆಂಗಳೂರಿನ ಹುಡುಗರ ಜೇಬಲ್ಲಿ ನೋಟೇ ಇರಲ್ಲ. ಅಂಥ ಹೊತ್ತಲ್ಲಿ "ತಗೊಂಡೋಗಿ, ಸಿಗ್ನಲ್ ಸಿಕ್ಕಾಗ ಹಾಕಿ" ಅಂತ ನೀರಿನ ಬಾಟಲಿ, ಬಿಸ್ಕತ್ತು ಕೊಡೋ ಅಂಗಡಿಯವರು ಇದ್ದಾರೆ. ದುಡ್ಡು ಕೆಲವು ಸಲ ಬರುತ್ತೆ, ಕೆಲವು ಸಲ ಬರಲ್ಲ. ಹಾನುಬಾಳು ಹೋಬಳಿ ಕೇಂದ್ರ, ಸುತ್ತಲಿನ ಹಳ್ಳಿಯವರು ಎಲ್ಲದಕ್ಕೂ ಇಲ್ಲಿಗೇ ಬರಬೇಕು. ಕೊನೆ ಬಸ್ಸು ತಪ್ಪಿದ ಕಾಲೇಜು ಮಕ್ಕಳು, ಆಸ್ಪತ್ರೆಯಿಂದ ವಾಪಸ್ ಬರೋ ಮುದುಕರು, ಮಳೆಗೆ ಕೂಲಿ ತಪ್ಪಿದ ತೋಟದ ಕಾರ್ಮಿಕರು ಕೂರೋದು ಟೀ ಅಂಗಡಿ ಬೆಂಚಲ್ಲೇ. ಬಿಲ್ ಚುಚ್ಚೋ ತಂತಿಗೆ "ಒಂದು ಟೀ" ಅಂತ ಬರೆದ ಎರಡು ಚೀಟಿ ಹೆಚ್ಚಿಗೆ ಚುಚ್ಚಿಡೋಕೆ ಯಾವ ಸಂಘವೂ ಬೇಡ, ಉದ್ಘಾಟನೆಯೂ ಬೇಡ.

ಹಾಗಂತ ಉಪಕಾರ ತನ್ನಷ್ಟಕ್ಕೆ ತಾನೇ ಹರಡುತ್ತೆ ಅಂದುಕೊಳ್ಳೋದೂ ತಪ್ಪು. 2014ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ಮುಖ ನೋಡದ ಯಾರೋ ಒಬ್ಬರು ಹಣ ಹಂಚುತ್ತಾರೆ. ಕೆಲವರಿಗೆ ಧಾರಾಳವಾಗಿ ಸಿಗುತ್ತೆ, ಕೆಲವರಿಗೆ ಸಮ ಪಾಲು, ಕೆಲವರಿಗೆ ಏನೂ ಇಲ್ಲದಂತೆ. ಆಮೇಲೆ ಅವರು ಇನ್ನೊಬ್ಬ ಅಪರಿಚಿತರಿಗೆ ಹಂಚಬೇಕು. ಫಲಿತಾಂಶ ಖುಷಿ ಪಡೋ ಹಾಗೆ ಬರಲಿಲ್ಲ. ಸಮ ಪಾಲು ಪಡೆದವರು ಸಮ ಪಾಲೇ ಕೊಟ್ಟರು. ಆದರೆ ಧಾರಾಳತನಕ್ಕಿಂತ ಜಿಪುಣತನವೇ ಹೆಚ್ಚು ಮುಂದಕ್ಕೆ ಹೋಯಿತು. ಮೋಸ ಹೋದ ಸಿಟ್ಟನ್ನು ಜನ ಮುಂದೆ ಸಿಕ್ಕವರ ಮೇಲೆ ತೀರಿಸಿಕೊಂಡರು.

ಇದು ಹೆದ್ದಾರಿ ಬದಿಯ ವ್ಯಾಪಾರಿಗಳಿಗೆ ನೇರವಾಗಿ ಸಂಬಂಧಪಟ್ಟ ಮಾತು. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯಲ್ಲಿ ವಾಹನಗಳು ಸಿಕ್ಕಿಕೊಂಡಿದ್ದು ಎಲ್ಲರಿಗೂ ನೆನಪಿದೆ. ಶಿರಾಡಿ ನಿಂತರೆ ಮೂಡಿಗೆರೆ, ಚಾರ್ಮಾಡಿ ಕಡೆ ವಾಹನ ತಿರುಗುತ್ತವೆ, ಹಾನುಬಾಳಿನ ರಸ್ತೆಗೂ ದಟ್ಟಣೆ ಬರುತ್ತೆ. ಮಕ್ಕಳು ಮರಿ ಕಟ್ಟಿಕೊಂಡು ಗಂಟೆಗಟ್ಟಲೆ ನಿಂತವರಿಗೆ 20 ರೂಪಾಯಿ ನೀರಿನ ಬಾಟಲಿ 40ಕ್ಕೆ ಮಾರಿದರೆ ಆ ದಿನದ ಗಲ್ಲಾ ತುಂಬಬಹುದು. ಎಂಆರ್‌ಪಿಗಿಂತ ಹೆಚ್ಚು ತಗೊಳ್ಳೋದು ಕಾನೂನುಮಾಪನ ನಿಯಮದ ಪ್ರಕಾರ ಅಪರಾಧ ಅನ್ನೋದು ಒಂದು ಕಡೆ ಇರಲಿ. ಹಾಗೆ ಸುಲಿಸಿಕೊಂಡವರು ಆ ಸಿಟ್ಟು ಹೊತ್ತುಕೊಂಡೇ ಮುಂದಿನ ಊರಿಗೆ ಹೋಗುತ್ತಾರೆ.

ಸರಪಳಿ ತುಂಡಾಗೋದು ಎಲ್ಲಿ

ಈಗ ಆಕ್ಸಿಡೆಂಟ್ ವಿಷಯ. 2013ರಲ್ಲಿ ಸೇವ್‌ಲೈಫ್ ಫೌಂಡೇಶನ್ ಅನ್ನೋ ಸಂಸ್ಥೆ ದೇಶದ ಹಲವು ನಗರಗಳಲ್ಲಿ ಸಮೀಕ್ಷೆ ಮಾಡಿತು. ರಸ್ತೆಯಲ್ಲಿ ಗಂಭೀರವಾಗಿ ಗಾಯಗೊಂಡವರಿಗೆ ಸಹಾಯ ಮಾಡೋದು ಅನುಮಾನ ಎಂದವರು ನೂರಕ್ಕೆ 74 ಮಂದಿ. ಅವರಲ್ಲಿ ನೂರಕ್ಕೆ 88 ಮಂದಿ ಕೊಟ್ಟ ಕಾರಣ ಒಂದೇ: ಪೊಲೀಸರ ವಿಚಾರಣೆ, ಕೋರ್ಟು ಕಚೇರಿ ಅಲೆದಾಟದ ಭಯ. ಈ ಸಂಸ್ಥೆ ಕಟ್ಟಿದ ಪೀಯೂಷ್ ತಿವಾರಿ ಅವರ ಸೋದರಸಂಬಂಧಿ ಹುಡುಗ 2007ರಲ್ಲಿ ದೆಹಲಿಯಲ್ಲಿ ಅಪಘಾತಕ್ಕೆ ಸಿಕ್ಕಿ, ಬಹಳ ಹೊತ್ತು ರಸ್ತೆಯಲ್ಲೇ ಬಿದ್ದಿದ್ದು, ಯಾರೂ ಆಸ್ಪತ್ರೆಗೆ ಸೇರಿಸದೆ ತೀರಿಕೊಂಡಿದ್ದ. ಆಮೇಲೆ ಅವರು ಸುಪ್ರೀಂ ಕೋರ್ಟಿಗೆ ಹೋದರು.

ಕರ್ನಾಟಕಕ್ಕೆ ಈ ಮಾತು ನಾಟಿದ್ದು 2016ರ ಫೆಬ್ರವರಿ 16ರಂದು. ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ನಂಜಪ್ಪ ಊರಿನಿಂದ ಬೈಕಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದರು. ನೆಲಮಂಗಲ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾಯಿತು. ಪ್ರಜ್ಞೆ ಇತ್ತು. ಸುತ್ತ ಜನ ಸೇರಿದರು, ಮೊಬೈಲಿನಲ್ಲಿ ಚಿತ್ರ ತೆಗೆದವರೂ ಇದ್ದರು. ಆ ಸ್ಥಿತಿಯಲ್ಲೂ ಹರೀಶ್ ಹೇಳಿದ್ದು, ತನ್ನ ಅಂಗಾಂಗ ದಾನ ಮಾಡಿ ಅಂತ. ಆಸ್ಪತ್ರೆಯಲ್ಲಿ ಜೀವ ಹೋಯಿತು, ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಸಹಾಯಕ್ಕೆ ಅಂಗಲಾಚುತ್ತಿದ್ದ ಮನುಷ್ಯನೇ ಮುಖ ನೋಡದ ಇನ್ಯಾರಿಗೋ ಸಹಾಯ ಮಾಡಿ ಹೋದ. (ಐದು ವರ್ಷದ ನಂತರ, 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಾಗ ನೇತ್ರದಾನಕ್ಕೆ ಹೆಸರು ಕೊಡೋಕೆ ಜನ ಮುಗಿಬಿದ್ದಿದ್ದು ಗೊತ್ತೇ ಇದೆ.)

ಮುಂದಿನ ತಿಂಗಳೇ, ಮಾರ್ಚ್ 8ರಂದು ರಾಜ್ಯ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ತಂದಿತು. ರಾಜ್ಯದೊಳಗೆ ಅಪಘಾತ ಆದವರಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಯೋಜನೆ ಅದು. ಗಾಯಾಳು ಯಾವ ರಾಜ್ಯದವರು, ಯಾವ ದೇಶದವರು ಅನ್ನೋದು ಮುಖ್ಯ ಅಲ್ಲ, ಬಿದ್ದಿದ್ದು ಇಲ್ಲಿ ಅನ್ನೋದಷ್ಟೇ ಮುಖ್ಯ. ಅದೇ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ದೇಶದಾದ್ಯಂತ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿ, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆಯಿತು. ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದೇ.

ಈಗಿನ ಕಾನೂನು ಏನು ಹೇಳುತ್ತೆ

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಂ ಸೇರಿತು. ಯಾವ ಪ್ರತಿಫಲದ ಆಸೆ ಇಲ್ಲದೆ, ಒಳ್ಳೆ ಉದ್ದೇಶದಿಂದ, ತಾನಾಗಿಯೇ ಮುಂದೆ ಬಂದು ಅಪಘಾತದ ಜಾಗದಲ್ಲಿ ನೆರವಾದವರು ಅಥವಾ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದವರು 'ಗುಡ್ ಸಮಾರಿಟನ್'. ನೆರವು ಕೊಡುವಾಗ ಏನೋ ಹೆಚ್ಚುಕಡಿಮೆ ಆಗಿ ಗಾಯಾಳುವಿಗೆ ತೊಂದರೆ ಆದರೂ, ಪ್ರಾಣವೇ ಹೋದರೂ ಅವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ನಿಲ್ಲಲ್ಲ.

2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮಗಳು ಇನ್ನೂ ಸ್ಪಷ್ಟ. ಹೆಸರು, ವಿಳಾಸ, ಗುರುತು ಹೇಳಿ ಅಂತ ಪೊಲೀಸರಾಗಲಿ ಬೇರೆ ಯಾರೇ ಆಗಲಿ ಒತ್ತಾಯ ಮಾಡುವಂತಿಲ್ಲ. ತಾನಾಗಿ ಹೇಳಿದರೆ ಅದು ಅವರ ಇಷ್ಟ. ಜಾತಿ, ಧರ್ಮ, ಗಂಡು, ಹೆಣ್ಣು ಅನ್ನೋ ಭೇದ ಇಲ್ಲದೆ ಗೌರವದಿಂದ ನಡೆಸಿಕೊಳ್ಳಬೇಕು. ಸಾಕ್ಷಿ ಹೇಳೋದು ಕಡ್ಡಾಯ ಅಲ್ಲ. ಒಪ್ಪಿದರೆ ಅವರಿಗೆ ಅನುಕೂಲವಾದ ಜಾಗಕ್ಕೆ, ಅಂದರೆ ಮನೆಗೋ ಅಂಗಡಿಗೋ ಪೊಲೀಸರೇ ಬರಬೇಕು, ಅದೂ ಮಫ್ತಿಯಲ್ಲಿ. ಸ್ಟೇಷನ್ನಿಗೇ ಕರೆಯಬೇಕಾದರೆ ಯಾಕೆ ಅಂತ ಕಾರಣ ಬರೆದಿಡಬೇಕು. ಹೇಳಿಕೆಯನ್ನು ಒಂದೇ ಸಲಕ್ಕೆ ಮುಗಿಸಬೇಕು, ಪದೇ ಪದೇ ಕರೆಸುವ ಹಾಗಿಲ್ಲ. ಮಫ್ತಿ ಯಾಕೆ ಅಂದರೆ, ಅಂಗಡಿ ಮುಂದೆ ಖಾಕಿ ಬಂದು ನಿಂತರೆ ಪೇಟೆಯಲ್ಲಿ ಏನು ಮಾತು ಹುಟ್ಟುತ್ತೆ ಅನ್ನೋದು ನಿಯಮ ಬರೆದವರಿಗೂ ಗೊತ್ತಿತ್ತು ಅನಿಸುತ್ತೆ.

ಈ ಹಕ್ಕುಗಳ ಪಟ್ಟಿಯನ್ನು ಪ್ರತಿ ಆಸ್ಪತ್ರೆಯೂ, ಸರ್ಕಾರಿ ಇರಲಿ ಖಾಸಗಿ ಇರಲಿ, ಬಾಗಿಲ ಬಳಿ ಸ್ಥಳೀಯ ಭಾಷೆಯಲ್ಲಿ ಹಾಕಿರಬೇಕು. ಕರೆತಂದವರ ಹತ್ತಿರ ದಾಖಲಾತಿ ಶುಲ್ಕ ಕೇಳುವಂತಿಲ್ಲ. ಪೊಲೀಸ್ ಕೇಸು ಆಗಲಿ, ಆಮೇಲೆ ನೋಡೋಣ ಅನ್ನುವಂತೆಯೂ ಇಲ್ಲ. ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಹೇಳಿಬಿಟ್ಟಿದೆ: ಮೊದಲು ಜೀವ, ಕಾಗದಪತ್ರ ಆಮೇಲೆ.

ಇನ್ನು ದುಡ್ಡಿನ ಮಾತು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ಅಪಘಾತ ಆದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಸಿಗಬೇಕು. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ 2021ರಲ್ಲಿ 5,000 ರೂಪಾಯಿ ಬಹುಮಾನ ಅಂತ ಮಾಡಿದ್ದರು, ಈಗ ಅದು 'ರಾಹ್‌ವೀರ್' ಹೆಸರಲ್ಲಿ 25,000 ಆಗಿದೆ. ಪ್ರತಿಫಲದ ಆಸೆ ಇಲ್ಲದವರೇ ಗುಡ್ ಸಮಾರಿಟನ್ ಅಂತ ಹೇಳಿ, ಅವರಿಗೇ ಬಹುಮಾನ ಇಡೋದು ಸ್ವಲ್ಪ ತಮಾಷೆಯಾಗಿ ಕಂಡರೂ, ಬಾಡಿಗೆ ಬಿಟ್ಟು ಆಸ್ಪತ್ರೆಗೆ ಓಡಿದ ಆಟೋದವರ ಆ ದಿನದ ದುಡಿಮೆ ಅದರಿಂದ ತುಂಬಿದರೆ ತಪ್ಪೇನಿಲ್ಲ.

ಒಂದು ಎಚ್ಚರಿಕೆ ಇದೆ. ಈ ರಕ್ಷಣೆ ದಾರಿಹೋಕರಿಗೆ, ಗುದ್ದಿದ ವಾಹನದ ಚಾಲಕನಿಗಲ್ಲ. ಚಾಲಕನಿಗೆ ಕಲಂ 134ರ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸೋದು ಕರ್ತವ್ಯ. ಓಡಿ ಹೋದರೆ ಅದು ಇನ್ನೊಂದು ಅಪರಾಧ.

ಗುಂಪು ಸೇರಿದಷ್ಟೂ ಸಹಾಯ ಕಡಿಮೆ

ಭಯ ಒಂದೇ ಅಲ್ಲ, ಇನ್ನೆರಡು ಅಡ್ಡಿಗಳಿವೆ. ಮೊದಲನೆಯದು ಗುಂಪು. 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಾಟಾನೆ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದ ಹಾಗೆ ಧ್ವನಿ ಕೇಳಿಸಿದರು. ಕೇಳಿಸಿಕೊಂಡವನು ತಾನೊಬ್ಬನೇ ಅಂದುಕೊಂಡಾಗ ನೂರಕ್ಕೆ 85 ಮಂದಿ ಎದ್ದು ಸಹಾಯಕ್ಕೆ ಹೋದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಾಗ ಎದ್ದವರು 31 ಮಾತ್ರ. ಯಾರೋ ಒಬ್ಬರು ಫೋನ್ ಮಾಡಿರುತ್ತಾರೆ ಬಿಡು ಅಂತ ಎಲ್ಲರೂ ಅಂದುಕೊಂಡರೆ ಯಾರೂ ಮಾಡಿರೋದಿಲ್ಲ. ಅದಕ್ಕೇ ಅಪಘಾತದ ಜಾಗದಲ್ಲಿ "ಯಾರಾದ್ರೂ ಆಂಬುಲೆನ್ಸ್ ಕರೀರಿ" ಅಂತ ಕೂಗೋದರಿಂದ ಪ್ರಯೋಜನ ಕಡಿಮೆ. "ನೀಲಿ ಶರ್ಟಿನ ಅಣ್ಣ, ನೀವು 108ಕ್ಕೆ ಮಾಡಿ. ನೀವಿಬ್ರು ತಿರುವಲ್ಲಿ ನಿಂತು ಗಾಡಿ ನಿಲ್ಸಿ" ಅಂತ ಬೆರಳು ತೋರಿಸಿ ಹೇಳಿದರೆ ಕೆಲಸ ಆಗುತ್ತೆ.

ಎರಡನೆಯದು ಅವಸರ. 1973ರಲ್ಲಿ ಪ್ರಕಟವಾದ ಪ್ರಿನ್ಸ್‌ಟನ್ ಪ್ರಯೋಗ ಇನ್ನೂ ಮಜವಾಗಿದೆ. ಪಾದ್ರಿ ಆಗೋಕೆ ಓದುತ್ತಿದ್ದ ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡೋಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತಾ ಕೂತಿದ್ದ. ಸಮಯ ಇದ್ದವರಲ್ಲಿ ನೂರಕ್ಕೆ 63 ಮಂದಿ ನಿಂತು ವಿಚಾರಿಸಿದರು. ತಡ ಆಗಿದೆ, ಓಡಿ ಅಂತ ಹೇಳಿಸಿಕೊಂಡವರಲ್ಲಿ ನಿಂತವರು 10 ಮಾತ್ರ. ಕೆಲವರಿಗೆ ಕೊಟ್ಟಿದ್ದ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಒಳ್ಳೆಯ ಸಮಾರ್ಯದವನ ಕಥೆ. ಅದೂ ಹೆಚ್ಚೇನೂ ಸಹಾಯ ಮಾಡಲಿಲ್ಲ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನೋದಕ್ಕಿಂತ ಅವನಿಗೆ ಪುರುಸೊತ್ತು ಇದೆಯಾ ಅನ್ನೋದು ದೊಡ್ಡದಾಯಿತು. ಪ್ರವಾಸಕ್ಕೆ ಬಂದು ಸಂಜೆಯೊಳಗೆ ಬೆಂಗಳೂರು ಸೇರಬೇಕಾದ ಕಾರು ನಿಲ್ಲದೇ ಹೋಗೋದಕ್ಕೂ, ಅದೇ ಜಾಗದಲ್ಲಿ ಊರಿನ ಜೀಪು ನಿಲ್ಲೋದಕ್ಕೂ ಇದೂ ಒಂದು ಕಾರಣ ಇರಬಹುದು.

ಆಂಬುಲೆನ್ಸ್ ಬರೋವರೆಗೆ

108 ಅಥವಾ 112, ಎರಡೂ ಉಚಿತ. ಶಿರಾಡಿಯಂಥ ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಈ ಭಾಗದಲ್ಲಿ ಸಮಸ್ಯೆ ನಂಬರಿನದ್ದಲ್ಲ, ಸಿಗ್ನಲ್‌ನದ್ದು. ಯಾವ ತಿರುವಲ್ಲಿ ಒಂದು ಕಡ್ಡಿ ಸಿಗುತ್ತೆ, ಯಾವ ತೋಟದ ಮನೆಯಲ್ಲಿ ಲ್ಯಾಂಡ್‌ಲೈನ್ ಅಥವಾ ವೈಫೈ ಇದೆ ಅನ್ನೋದು ಹೊರಗಿನವರಿಗೆ ಗೊತ್ತಿರಲ್ಲ, ರಸ್ತೆ ಬದಿ ಅಂಗಡಿಯವರಿಗೆ ಗೊತ್ತಿರುತ್ತೆ. ಜಾಗದ ಹೆಸರು ಸರಿಯಾಗಿ ಹೇಳೋದೂ ಅವರಿಂದಲೇ ಆಗಬೇಕು. "ಘಾಟಿ ಹತ್ರ" ಅಂದರೆ ಆಂಬುಲೆನ್ಸಿನವರು ಎಲ್ಲಿ ಅಂತ ಹುಡುಕಬೇಕು? ಕಿಲೋಮೀಟರ್ ಕಲ್ಲು, ಬಸ್ ಸ್ಟಾಪು, ಎಸ್ಟೇಟ್ ಗೇಟು, ಇಂಥ ಗುರುತು ಹೇಳಬೇಕು.

ಗಾಯಾಳುವನ್ನು ಕೈ ಕಾಲು ಹಿಡಿದು ಎಳೆದು ಆಟೋಗೆ ತುಂಬೋದು ಇಲ್ಲಿ ಸಾಮಾನ್ಯವಾಗಿ ಆಗೋ ತಪ್ಪು. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಹಾಗೆ ಎಳೆದಾಗಲೇ ನಡು ಕೆಳಗೆ ಸ್ವಾಧೀನ ತಪ್ಪಬಹುದು. ಬೆಂಕಿ, ಉರುಳೋ ವಾಹನ ಇಂಥ ಅಪಾಯ ಇಲ್ಲದಿದ್ದರೆ ಆಂಬುಲೆನ್ಸ್ ಬರೋವರೆಗೆ ತಲೆ ಕುತ್ತಿಗೆ ಅಲುಗದ ಹಾಗೆ ಇದ್ದಲ್ಲೇ ಹಿಡಿದುಕೊಳ್ಳೋದು ಮೇಲು. ಎತ್ತಲೇಬೇಕಾದರೆ ಮೂರ್ನಾಲ್ಕು ಜನ ಸೇರಿ, ಹಲಗೆಯೋ ಗಟ್ಟಿ ಕಂಬಳಿಯೋ ಕೆಳಗೆ ಕೊಟ್ಟು ಒಟ್ಟಿಗೆ ಎತ್ತಬೇಕು. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ನಿಂತಿತಾ ಅಂತ ಆಗಾಗ ತೆಗೆದು ನೋಡಬಾರದು. ಬಾಯಿಗೆ ನೀರು ಹಾಕಬಾರದು. ನೀರು ಕೇಳಿದವರಿಗೆ ಇಲ್ಲ ಅನ್ನೋದು ನಮ್ಮ ಜನಕ್ಕೆ ಬಹಳ ಕಷ್ಟ, ಆದರೆ ಪ್ರಜ್ಞೆ ತಪ್ಪುವವರಿಗೆ ನೀರು ಶ್ವಾಸಕೋಶಕ್ಕೆ ಹೋಗಬಹುದು, ಆಪರೇಷನ್ ಬೇಕಾದವರಿಗೆ ಹೊಟ್ಟೆ ಖಾಲಿ ಇರಬೇಕು. ತುಟಿ ಒದ್ದೆ ಮಾಡಿ, ಕೈ ಹಿಡಿದು ಮಾತಾಡಿಸುತ್ತಾ ಕೂತರೆ ಅಷ್ಟೇ ದೊಡ್ಡದು.

ಇದೆಲ್ಲದರ ಜೊತೆ ತಿರುವಿನ ಎರಡೂ ಕಡೆ ಒಬ್ಬೊಬ್ಬರು ನಿಂತು ಬರೋ ವಾಹನ ನಿಲ್ಲಿಸಬೇಕು. ಮಂಜು ಮುಸುಕಿದ ದಿನ ಇದು ತಪ್ಪಿದರೆ ಸಹಾಯಕ್ಕೆ ಬಂದವರ ಮೇಲೇ ಮುಂದಿನ ಲಾರಿ ಹತ್ತುತ್ತೆ.

ಕೊನೆಗೆ, ಯಾರೂ ಲೆಕ್ಕಕ್ಕೆ ತಗೊಳ್ಳದ ಒಂದು ವಿಷಯ ಇದೆ: ಕಲ್ಲು. ಏರು ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ ಹಿಂದಕ್ಕೆ ಜಾರದ ಹಾಗೆ ಟೈರಿಗೆ ದಪ್ಪ ಕಲ್ಲು ಕೊಡುತ್ತಾರೆ, ಹಿಂದೆ ಮುಂದೆ ಸೊಪ್ಪಿನ ಕೊಂಬೆ ಮುರಿದು ಹಾಕುತ್ತಾರೆ. ಅದು ಸರಿ. ರಿಪೇರಿ ಆದ ಮೇಲೆ ಲಾರಿ ಹೊರಟು ಹೋಗುತ್ತೆ, ಕಲ್ಲು ಅಲ್ಲೇ ಉಳಿಯುತ್ತೆ. ಕತ್ತಲಾದ ಮೇಲೆ ಮಳೆಯಲ್ಲಿ ಬರೋ ಬೈಕಿನವರಿಗೆ ಆ ಕಲ್ಲು ಕಾಣೋದು ಚಕ್ರ ಹತ್ತಿದ ಮೇಲೇ. ಲಾರಿಯವರು ಮರೆತಿರಬಹುದು, ಅವಸರದಲ್ಲಿ ಇದ್ದಿರಬಹುದು. ಹಗಲು ಹೊತ್ತಲ್ಲಿ ಆ ದಾರಿಯಲ್ಲಿ ಓಡಾಡೋರು ಎಷ್ಟೋ ಜನ ಅದನ್ನು ಸುತ್ತು ಹಾಕಿಕೊಂಡೇ ಹೋಗಿರುತ್ತಾರೆ. ಬೈಕ್ ಬದಿಗೆ ನಿಲ್ಲಿಸಿ ಕಾಲಿನಲ್ಲಿ ಕಲ್ಲನ್ನು ಚರಂಡಿ ಕಡೆ ಉರುಳಿಸೋಕೆ ಬೇಕಾಗೋದು ಅರ್ಧ ನಿಮಿಷ.